ಚಳಿಗೆ ಹಸುಗೂಸಿಗೆ ಯಾವುದು? ಒಂದು ದಪ್ಪ ಸ್ವೆಟರ್ರಾ, ಎರಡು ಮೂರು ತೆಳು ಬಟ್ಟೆಗಳಾ?

ಹುಟ್ಟಿದ ಮಗುವಿಗೆ ನಮ್ಮ ಹಾಗೆ ನಡುಗಿ ಮೈ ಬಿಸಿ ಮಾಡಿಕೊಳ್ಳಲು ಬರುವುದಿಲ್ಲ. ಸೆಖೆಯಾದರೆ ಹೇಳಲೂ ಬರುವುದಿಲ್ಲ. ಹಾಗಾಗಿ ನನ್ನ ಓಟು ತೆಳು ಬಟ್ಟೆಗಳಿಗೇ.

ದಪ್ಪ ಉಣ್ಣೆ ಸ್ವೆಟರ್ ಒಂದೇ ಸಲಕ್ಕೆ ಹಾಕಿ ಮುಗಿಸಬಹುದು, ನಿಜ. ಆದರೆ ಬೆಚ್ಚಗಿನ ಕೋಣೆಗೆ ಬಂದಾಗ ಬಿಚ್ಚಿದರೆ ಚಳಿ, ಬಿಚ್ಚದಿದ್ದರೆ ಬೆವರು. ಕತ್ತಿನ ಹತ್ತಿರ ಉಣ್ಣೆ ಚುಚ್ಚಿ ಚರ್ಮ ಕೆಂಪಾಗುವುದೂ ಉಂಟು. ಅದರ ಬದಲು ಮೈಗೆ ತಾಗುವಂತೆ ಮೆತ್ತನೆಯ ಹತ್ತಿ ಅಂಗಿ, ಮೇಲೆ ಉದ್ದ ತೋಳಿನದೊಂದು, ಹೊರಗೆ ಹೊರಟಾಗ ಮಾತ್ರ ಸ್ವೆಟರ್ ಹಾಕಿ. ಬಟ್ಟೆಗಳ ನಡುವೆ ನಿಲ್ಲುವ ಗಾಳಿಯೇ ಮಗುವನ್ನು ಬೆಚ್ಚಗಿಡುತ್ತದೆ. ಜಾಸ್ತಿಯಾದರೆ ಒಂದನ್ನು ತೆಗೆದರಾಯಿತು, ಅಲ್ವಾ? ನಿಮಗೆ ಹಿತವಾಗುವಷ್ಟು ಬಟ್ಟೆಗಿಂತ ಒಂದು ಹೆಚ್ಚು ಇದ್ದರೆ ಸಾಕು.

ಅಂಗೈ, ಪಾದ ಮುಟ್ಟಿ ಸುಮ್ನೆ ಗಾಬರಿಯಾಗಬೇಡಿ. ಅವು ಸ್ವಲ್ಪ ತಣ್ಣಗೇ ಇರುತ್ತವೆ. ಎದೆ ಅಥವಾ ಕತ್ತಿನ ಹಿಂಭಾಗ ಮುಟ್ಟಿ ನೋಡಿ. ಬೆವರಿದ್ದರೆ ಒಂದು ಬಟ್ಟೆ ತೆಗೆಯಿರಿ, ತಣ್ಣಗಿದ್ದರೆ ಒಂದು ಸೇರಿಸಿ.

ರಾತ್ರಿಗೆ ಕಂಬಳಿಯಾ, ತೋಳಿಲ್ಲದ ಸ್ಲೀಪಿಂಗ್ ಬ್ಯಾಗಾ (ಮಗುವಿಗೆ ಅಂಗಿಯ ಹಾಗೆ ತೊಡಿಸುವ ಚೀಲ)? ಬ್ಯಾಗೇ. ಸಡಿಲ ಕಂಬಳಿ ಮುಖದ ಮೇಲೆ ಸರಿದರೆ ಉಸಿರುಕಟ್ಟುವ ಅಪಾಯವಿದೆ. ಬ್ಯಾಗಿನ ಕುತ್ತಿಗೆ ಅಳತೆ ಸರಿಯಿರಲಿ, ಮಗುವಿನ ತಲೆ ಒಳಗೆ ಜಾರಬಾರದು. ಮನೆಯೊಳಗೆ ಮಲಗಿಸುವಾಗ ಟೋಪಿಯೂ ಬೇಡ. ಅವಧಿಗೆ ಮುಂಚೆ ಹುಟ್ಟಿದ ಮಗುವಾದರೆ ವೈದ್ಯರು ಹೇಳಿದ ಹಾಗೆ ಮಾಡಿ.

ಕಾರಿನಲ್ಲಿ ಮಗುವನ್ನು ಬೆಲ್ಟ್ ಹಾಕಿ ಕೂರಿಸುವ ಬೇಬಿ ಸೀಟಿನಲ್ಲಂತೂ ದಪ್ಪ ಜಾಕೆಟ್ ಬೇಡವೇ ಬೇಡ. ಅಪಘಾತವಾದರೆ ಅದು ಅಮುಕಿಕೊಂಡು ಬೆಲ್ಟ್ ಸಡಿಲವಾಗುತ್ತದೆ. ತೆಳು ಬಟ್ಟೆಯಲ್ಲೇ ಬೆಲ್ಟ್ ಬಿಗಿದು, ಅದರ ಮೇಲೆ ಎದೆಯವರೆಗೆ ಹೊದಿಕೆ ಹೊದಿಸಿ. ಕಾರು ಬೆಚ್ಚಗಾದ ಮೇಲೆ ತೆಗೆದುಬಿಡಿ.