ಕ್ಯೋಟೋದ ಮೈಕೊ ವೇಷದ ಸ್ಟುಡಿಯೊಗಳು: ಮುಖಕ್ಕಿಂತ ಮೊದಲು ಕತ್ತಿನ ಹಿಂಬದಿ ನೋಡಿ

ಹಾಡು, ನೃತ್ಯದಿಂದ ಅತಿಥಿಗಳನ್ನು ರಂಜಿಸುವ ಜಪಾನಿನ ಕಲಾವಿದೆ ಗೇಶಾ. ಅವಳಿಗೆ ಕ್ಯೋಟೋದಲ್ಲಿ ಗೇಕೊ ಅನ್ನುತ್ತಾರೆ, ಇನ್ನೂ ಕಲಿಯುತ್ತಿರುವ ಹುಡುಗಿಗೆ ಮೈಕೊ. ಈ ಊರಿನ ಗಿಯೊನ್, ಹಿಗಾಶಿಯಾಮ ಬಡಾವಣೆಗಳ ಸುತ್ತಮುತ್ತ ಪ್ರವಾಸಿಗರಿಗೆ ಮೈಕೊ ವೇಷ ಹಾಕಿ ಫೋಟೊ ತೆಗೆದುಕೊಡುವ ಸ್ಟುಡಿಯೊಗಳು ಬೇಕಾದಷ್ಟಿವೆ. ಸರಳ ಪ್ಯಾಕೇಜು ಹೆಚ್ಚುಕಮ್ಮಿ 10,000 ಯೆನ್ ಆಸುಪಾಸು, ಬೀದಿಯಲ್ಲಿ ಓಡಾಡಬೇಕೆಂದರೆ ಬೇರೆ ದುಡ್ಡು. ಎರಡು ಗಂಟೆಯಾದರೂ ಬೇಕು. ಕೊಡುವ ದುಡ್ಡು ಬಣ್ಣಕ್ಕೂ ಕೂದಲಿಗೂ ಹೋಗಲಿ, ಹಿಂದಿನ ಪರದೆಗೆ ಬೇಡ.

ಬಣ್ಣದ ಅಡಿಪಾಯ ಬಿಂತ್ಸುಕೆ ಎಂಬ ಮೇಣ. ಅಂಗೈಯಲ್ಲಿ ಉಜ್ಜಿ ಬಿಸಿ ಮಾಡಿ ಮುಖ, ಕತ್ತು, ಬೆನ್ನಿನ ಮೇಲ್ಭಾಗಕ್ಕೆ ತೆಳ್ಳಗೆ ಹಚ್ಚುತ್ತಾರೆ. ನೀರಲ್ಲಿ ಕಲಸಿದ ಬಿಳಿ ಬಣ್ಣವನ್ನು ಅದರ ಮೇಲೆ ಅಗಲ ಕುಂಚದಿಂದ ಎಳೆದು, ಸ್ಪಂಜಿನಿಂದ ತಟ್ಟಿ ನೀರು ಹೀರಿಸುತ್ತಾರೆ. ಕೆಡುವುದು ಮೇಣದಲ್ಲೇ: ದಪ್ಪವಾದರೆ ಬಿಳಿ ಜಾರುತ್ತದೆ, ಎಲ್ಲಾದರೂ ಬಿಟ್ಟುಹೋದರೆ ಅಲ್ಲಿ ಬಣ್ಣ ಕೂರದೆ ಗೆರೆಗೆರೆಯಾಗುತ್ತದೆ. ಮುಖಕ್ಕೆ ಕ್ರೀಮು, ಎಣ್ಣೆ ಹಚ್ಚಿಕೊಂಡು ಹೋಗಬೇಡಿ. ಕೆಲಸಗಾರರ ಕೈಗುಣ ಗೊತ್ತಾಗುವುದು ಕತ್ತಿನ ಹಿಂದೆ. ಅಲ್ಲಿ ಎರಡು ಮೊನೆಗಳ ಆಕಾರದಲ್ಲಿ ಚರ್ಮವನ್ನು ಬಣ್ಣವಿಲ್ಲದೆ ಬಿಡಬೇಕು (ವಿಶೇಷ ದಿನಗಳಲ್ಲಿ ಮೂರು), ಅಂಚು ಕತ್ತರಿಸಿದ ಹಾಗಿರಬೇಕು. ನಮ್ಮ ಮೈಬಣ್ಣದ ಮೇಲೆ ಈ ಮೊನೆಗಳು ಇನ್ನೂ ಎದ್ದು ಕಾಣುತ್ತವೆ, ಹಾಗಾಗಿ ವಕ್ರವಾದರೂ ಮುಚ್ಚಿಡಲಾಗದು. ಹಿಂದಿನಿಂದ ಒಂದು ಫೋಟೊ ಪ್ಯಾಕೇಜಿನಲ್ಲಿ ಇಲ್ಲವೆಂದರೆ ಕೇಳಿ ಸೇರಿಸಿಕೊಳ್ಳಿ.

ಒಕಿಯಾದಲ್ಲಿ, ಅಂದರೆ ಹುಡುಗಿಯರು ಉಳಿದು ಕಲಿಯುವ ಮನೆಯಲ್ಲಿ, ಸುಮಾರು ಒಂದು ವರ್ಷ ಮನೆಗೆಲಸ, ನೃತ್ಯಪಾಠ ಮುಗಿಸಿದ ಮೇಲಷ್ಟೇ ಈ ಉಡುಪು ಮೈಮೇಲೆ ಬರುತ್ತದೆ. ಮೈಕೊ ತನ್ನದೇ ಕೂದಲನ್ನು ವಾರಕ್ಕೊಮ್ಮೆ ಕಟ್ಟಿಸಿಕೊಂಡು, ಅದು ಕೆಡದಂತೆ ಎತ್ತರದ ದಿಂಬಿನ ಮೇಲೆ ಮಲಗುತ್ತಾಳೆ. ಸ್ಟುಡಿಯೊದಲ್ಲಿ ವಿಗ್. ಪೂರ್ತಿ ವಿಗ್ ಹಣೆಯ ಮೇಲೆ ಟೋಪಿ ಇಟ್ಟಂತೆ ಕಾಣುವುದುಂಟು, ಅರ್ಧ ವಿಗ್ಗನ್ನೇ ಕೇಳಿ. ಮುಂದಲೆಯ ನಿಮ್ಮ ಕೂದಲನ್ನೇ ಅದರ ಮೇಲೆ ಹಿಂದಕ್ಕೆ ಬಾಚಿ ಬೆರೆಸುತ್ತಾರೆ, ಕಪ್ಪು ಕೂದಲಿಗೆ ಚೆನ್ನಾಗಿ ಹೊಂದುತ್ತದೆ. ಮುಂದಲೆ ತೀರಾ ಗಿಡ್ಡವಾಗಿದ್ದರೆ ಆಗದು, ಗುಂಗುರಾಗಿದ್ದರೆ ಸಮಯ ಹಿಡಿಯುತ್ತದೆ.

ಹೊಂದಾಣಿಕೆ ತಪ್ಪುವುದು ಹೆಚ್ಚಾಗಿ ಮುಡಿಯ ಹೂ, ತುಟಿಬಣ್ಣದಲ್ಲೇ. ಕೆನ್ನೆಯ ಪಕ್ಕ ಇಳಿಬಿಡುವ ಹೂಮಾಲೆ ಮೊದಲ ವರ್ಷದವಳ ಗುರುತು, ಆಗ ಬಣ್ಣ ಕೆಳತುಟಿಗೆ ಮಾತ್ರ. ಎರಡೂ ತುಟಿ ಕೆಂಪು ಮಾಡಿ ಆ ಮಾಲೆ ತೂಗಿಸಿದರೆ ಬಲ್ಲವರು ನಗುತ್ತಾರೆ. ಹೂ ಕೂಡ ತಿಂಗಳಿಗೊಂದು: ಏಪ್ರಿಲ್‌ಗೆ ಚೆರ್ರಿ, ನವೆಂಬರ್‌ಗೆ ಮೇಪಲ್ ಎಲೆ. ವರ್ಷವಿಡೀ ಚೆರ್ರಿ ಸಿಕ್ಕಿಸುವ ಅಂಗಡಿಯಾದರೆ ಇದು ಬರೀ ಡ್ರೆಸ್ ಬಾಡಿಗೆ ಅಂದುಕೊಳ್ಳಿ.

ಕಿಮೊನೊದ ಭುಜ ನೋಡಿ. ಬೆಳೆಯುವ ಮಗುವಿನ ಲಂಗಕ್ಕೆ ಟಕ್ಕು ಹಿಡಿಯುವಂತೆ, ಮೈಕೊ ಕಿಮೊನೊಗೆ ಭುಜದಲ್ಲೂ ತೋಳಲ್ಲೂ ಮಡಿಕೆ ಹೊಲಿದಿರುತ್ತದೆ. ಇವಳಿನ್ನೂ ಚಿಕ್ಕವಳು ಅಂತ ಅರ್ಥ. ಅದಿಲ್ಲದ ಸಾದಾ ಕಿಮೊನೊ ಕೊಟ್ಟರೆ ಬದಲಿಸಿ ಕೇಳಿ. ಒಬಿ, ಅಂದರೆ ಸೊಂಟಪಟ್ಟಿ, ಅಸಲಿಯಲ್ಲಿ 5 ಮೀಟರಿಗೂ ಉದ್ದ. ಅದನ್ನು ಬಿಗಿಯಲು ಒಕಿಯಾಕ್ಕೆ ಬರುವವರು ಸಾಮಾನ್ಯವಾಗಿ ಗಂಡಸರು, ಅಷ್ಟು ಬಲ ಬೇಕು. ಸ್ಟುಡಿಯೊದಲ್ಲಿ ಮೊದಲೇ ಕಟ್ಟಿಟ್ಟ ಒಬಿ ಸಿಕ್ಕರೆ ಬೇಸರಪಡಬೇಡಿ, ಉಸಿರಾಡಲು ಅದೇ ವಾಸಿ. ಒಬಿ ಬಿಗಿದ ಮೇಲೆ ಬಗ್ಗುವುದು ಕಷ್ಟ. ಕಾಲುಚೀಲ ಮೊದಲೇ ಹಾಕಿಕೊಂಡು, ಟಾಯ್ಲೆಟ್‌ಗೂ ಹೋಗಿಬನ್ನಿ. ಮನೆಯಿಂದ ಮುಂದೆ ಬಟನ್ ಇರುವ ಶರ್ಟು ಹಾಕಿಕೊಂಡು ಹೋದರೆ ಬಿಚ್ಚುವಾಗ ವಿಗ್ಗಿಗೆ ತಾಗದು.

ಹೊರಗಿನ ಸುತ್ತಾಟ ಅಷ್ಟು ಬೆಲೆ ಬಾಳುವುದಿಲ್ಲ. ಒಕೊಬೊ ಎಂಬ ಮರದ ಪಾದುಕೆ ಸುಮಾರು 10 ಸೆಂಟಿಮೀಟರ್ ಎತ್ತರ, ಕಲ್ಲುಹಾಸಿನ ಇಳಿಜಾರಲ್ಲಿ ಪಾದ ಹೊರಳುತ್ತದೆ. ಗಿಯೊನ್‌ನ ಖಾಸಗಿ ಓಣಿಗಳಿಗೆ 2024ರಿಂದ ಪ್ರವಾಸಿಗರಿಗೆ ಪ್ರವೇಶವಿಲ್ಲ, ದಂಡ 10,000 ಯೆನ್ ಎಂಬ ಬೋರ್ಡೂ ಇದೆ. ಮಳೆ ಬಂದರಂತೂ ಬಿಳಿ ಬಣ್ಣ ಬಾಡಿಗೆ ರೇಷ್ಮೆಗೆ ಇಳಿಯುತ್ತದೆ. ಬಟ್ಟೆಗೆ ಕಲೆಯಾದರೆ ಯಾರು ಹಣ ಕಟ್ಟಬೇಕೆಂದು ಬುಕಿಂಗ್ ಸಮಯದಲ್ಲೇ ಕೇಳಿಕೊಳ್ಳಿ.

ಬಣ್ಣ ತೆಗೆಯುವಾಗ ಆತುರಪಟ್ಟು ನೀರು ಸುರಿದುಕೊಳ್ಳಬೇಡಿ. ಒಣ ಕೈಯಲ್ಲಿ ಕ್ಲೆನ್ಸಿಂಗ್ ಆಯಿಲ್ ಹಾಕಿ ಮೇಣ ಕರಗುವವರೆಗೆ ಉಜ್ಜಿ, ಆಮೇಲೆ ತೊಳೆಯಿರಿ. ನೀರು ಮೊದಲು ಬಿದ್ದರೆ ಮೇಣ ಬಿಡುವುದಿಲ್ಲ, ಕಿವಿಯ ಹಿಂದೆ, ಕೂದಲಂಚಲ್ಲಿ ಬಿಳಿ ಉಳಿದೇ ಹೋಗುತ್ತದೆ. ಬೆನ್ನಿಗೆ ಕೈ ಎಟುಕದು, ಅಲ್ಲಿಯವರಿಗೇ ಒರೆಸಲು ಹೇಳಿ.