ಹಳೇ ಆಟಿಕೆ ರೈಲಿನ ಮೋಟರ್ ರಿಪೇರಿಗೆ ಕೊಡುವ ಮುಂಚೆ ಇದನ್ನು ಓದಿ

ಮಂಗಳೂರು, ಉಡುಪಿ ಕಡೆ ಹಳೇ ಆಟಿಕೆ ರೈಲು ಇಟ್ಟುಕೊಂಡವರು ಕಡಿಮೆ. ಇರುವ ನಾಲ್ಕು ಜನರಾದರೂ ಹುಷಾರಾಗಿರಿ. ಮನೆಯಲ್ಲೇ ಮೋಟರ್ ರಿವೈಂಡಿಂಗ್ ಮಾಡಿಕೊಡುತ್ತೇನೆ ಎನ್ನುವ ಒಬ್ಬರ ಕೈಗೆ ಎಂಜಿನ್ ಕೊಟ್ಟು ನಾನು ಹಾಳಾದೆ.

ನನ್ನದು ಹಾರ್ನ್‌ಬಿ ಡಬ್ಲೋ ಎಂಬ ಇಂಗ್ಲಿಷ್ ಆಟಿಕೆ ರೈಲು. ಲಿವರ್‌ಪೂಲ್‌ನಲ್ಲಿ 1938ರಲ್ಲಿ ಶುರುವಾದ ಸರಣಿಯದ್ದು. ಮೂರು ಹಳಿ, 12 ವೋಲ್ಟ್ ಡಿಸಿ. ದೊಡ್ಡಪ್ಪ ಬೊಂಬಾಯಿಯಲ್ಲಿದ್ದಾಗ ತಂದದ್ದು. ಕಮ್ಯುಟೇಟರ್ (ಮೋಟರಿನ ತಿರುಗುವ ಭಾಗಕ್ಕೆ ಕರೆಂಟ್ ದಾಟಿಸುವ ತಾಮ್ರದ ತುಂಡುಗಳು) ಒರೆಸುವುದು, ಅದಕ್ಕೆ ಒತ್ತಿಕೊಂಡಿರುವ ಕಾರ್ಬನ್ ಬದಲಾಯಿಸುವುದು, ಒಂದು ತೊಟ್ಟು ಎಣ್ಣೆ ಬಿಡುವುದು ಎಲ್ಲ ನಾನೇ ಮಾಡುತ್ತೇನೆ. ಆದರೆ ಆರ್ಮೇಚರಿನ, ಅಂದರೆ ಆ ತಿರುಗುವ ಭಾಗದ, ಒಂದು ಕಾಯಿಲ್ (ತಂತಿಯ ಸುರುಳಿ) ಕಡಿದಿತ್ತು. ಕೂದಲೆಳೆಯಂಥ ತಂತಿ ಸುತ್ತಲು ಅಭ್ಯಾಸದ ಕೈ ಬೇಕು. ಅದಕ್ಕೇ ಕೊಟ್ಟೆ. 2,500 ರೂಪಾಯಿ, ಪೂರ್ತಿ ಮುಂಗಡ.

ವಾಪಸ್ ತರಲು ಹೋದಾಗ ಬಾಡಿ ಹಾಕದೆ, ಎಂಜಿನ್ ಮಗುಚಿ ಹಿಡಿದು ವೈರ್ ತಾಗಿಸಿದರು. ತಾಗಿಸುವಾಗಲೇ ಕಮ್ಯುಟೇಟರಿನ ಅಂಚನ್ನು ಬೆರಳಲ್ಲಿ ಸಣ್ಣಗೆ ತಿರುಗಿಸಿದರು. ಆ ಬೆರಳು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. "ಹಳೇ ಎಂಜಿನ್ ಅಲ್ವಾ, ಸ್ವಲ್ಪ ಕೈ ಕೊಡ್ಬೇಕಾಗ್ತದೆ" ಎಂದರು. ಚಕ್ರ ರೊಂಯ್ಯನೆ ತಿರುಗಿತು. ಅಷ್ಟು ಜೋರಾಗಿ ಅದು ಯಾವತ್ತೂ ತಿರುಗಿದ್ದಿಲ್ಲ. ಖುಷಿಯಲ್ಲಿ ಥ್ಯಾಂಕ್ಸ್ ಬೇರೆ ಹೇಳಿ ಬಂದೆ!

ಭಾನುವಾರ ಅಕ್ಕನ ಮಕ್ಕಳನ್ನು ಕರೆದು ಹಳಿ ಜೋಡಿಸಿದೆ. ಎರಡು ಬೋಗಿ ಕಟ್ಟಿದೆ. ಎಂಜಿನ್ ಅಲುಗಲೇ ಇಲ್ಲ. ನಾನೂ ಬೆರಳಲ್ಲಿ ತಿರುಗಿಸಿದೆ. ಒಂದು ಗೇಣು ಹೋಗಿ ನಿಂತಿತು. ಮುಟ್ಟಿದರೆ ಸುಡುವ ಬಿಸಿ, ವಾರ್ನಿಶ್ ಸುಟ್ಟ ವಾಸನೆ. ಮಕ್ಕಳ ಮುಂದೆ ಮುಖ ಎಲ್ಲಿಡಲಿ?

ಕಾರ್ಬನ್ ತೆಗೆದು, ತಂತಿಯ ರೆಸಿಸ್ಟೆನ್ಸ್ ನೋಡಲು ಮಲ್ಟಿಮೀಟರ್ ಹಿಡಿದೆ. ಕಮ್ಯುಟೇಟರಿನ ಮೂರು ತುಂಡುಗಳ ನಡುವೆ ಮೂರೂ ರೀಡಿಂಗ್ ಒಂದೇ ಬರಬೇಕು. ಎರಡು ಒಂದೇ, ಮೂರನೆಯದು ಅದರ ಎರಡು ಪಟ್ಟು. ಅಂದರೆ ಆ ಕಾಯಿಲ್ ಕಡಿದೇ ಇದೆ! ಶುರುವಾಗಲು ಬೆರಳು ಬೇಕಾದದ್ದು ಅದಕ್ಕೇ. ಕೊಡುವ ಮುಂಚೆಯೂ ಇದೇ ಬರುತ್ತಿತ್ತು. ತಂತಿ ಸುತ್ತಿಯೇ ಇಲ್ಲ. ಮೇಲೆ ವಾರ್ನಿಶ್ ಬಳಿದಿದ್ದಾರೆ ಅಷ್ಟೇ. ಬೆಸುಗೆಯ ಮೇಲಿದ್ದ ಹಳೇ ಧೂಳು ಕೂಡ ವಾರ್ನಿಶ್ ಅಡಿಯಲ್ಲಿ ಹಾಗೇ ಇದೆ.

ಅದಕ್ಕಿಂತ ಜಾಸ್ತಿ ಹೊಟ್ಟೆ ಉರಿಯುವುದು ಮ್ಯಾಗ್ನೆಟ್ ನೋಡಿದರೆ. ಮುಂಚೆ ಸ್ಕ್ರೂಡ್ರೈವರನ್ನು ಕಚ್ಚಿ ಹಿಡಿಯುತ್ತಿತ್ತು. ಈಗ ಗುಂಡುಸೂಜಿ ಹಿಡಿದರೆ ಹೆಚ್ಚು. ಆ ಕಾಲದ ಮೋಟರಿನ ಆರ್ಮೇಚರ್ ತೆಗೆಯುವಾಗ ಮ್ಯಾಗ್ನೆಟಿನ ಎರಡು ತುದಿಗೆ ಕಬ್ಬಿಣದ ತುಂಡು ಅಡ್ಡ ಇಡಬೇಕು. ಇಡದಿದ್ದರೆ ಶಕ್ತಿ ಇಳಿಯುತ್ತದೆ. ಶಕ್ತಿ ಇಳಿದ ಮೋಟರ್ ಭಾರ ಇಲ್ಲದಾಗ ಇನ್ನೂ ಜೋರಾಗಿ ತಿರುಗುತ್ತದೆ, ಎಳೆಯುವ ಬಲ ಮಾತ್ರ ಇರುವುದಿಲ್ಲ. ನಾನು ಖುಷಿಪಟ್ಟ ಆ ವೇಗ ಇದೇ!

ಫೋನ್ ಮಾಡಿದೆ. "ಮ್ಯಾಗ್ನೆಟ್ ಎಲ್ಲಿಗೆ ಹೋಗ್ತದೆ ಮಾರಾಯ್ರೆ? ಅಲ್ಲೇ ಉಂಟಲ್ಲ!" ರೀಡಿಂಗಿನ ಫೋಟೋ ಕಳಿಸಿದೆ. "ನಿಮ್ಮ ಮೀಟರ್ ಸರಿ ಇಲ್ಲ." ಹಣ ವಾಪಸ್ ಕೇಳಿದೆ. "ತಿರುಗಿದ್ದನ್ನು ನೀವೇ ನೋಡಿದ್ದೀರಿ. ಒಂದು ಆಟದ ಸಾಮಾನಿಗೆ ಎಷ್ಟು ಮಾತು ಸಾರ್?"

ಆಟದ ಸಾಮಾನಂತೆ! ದುಡ್ಡು ತೆಗೆದುಕೊಳ್ಳುವಾಗ "ಆಂಟಿಕ್ ಪೀಸ್, ಹುಷಾರಾಗಿ ಮುಟ್ಬೇಕು, ಅದಕ್ಕೇ ಈ ರೇಟು" ಎಂದವರು ಇವರೇ. ಈಗ ಫೋನೇ ಎತ್ತುವುದಿಲ್ಲ.

ಪೂರ್ತಿ ಮುಂಗಡ ಕೊಡಬೇಡಿ. ಕೊಡುವ ಮುಂಚೆ ಮೂರು ರೀಡಿಂಗ್ ಬರೆದಿಟ್ಟುಕೊಳ್ಳಿ, ತರುವಾಗ ಅವರೆದುರೇ ಮತ್ತೆ ಹಿಡಿಯಿರಿ. ಹಳಿ ಮೇಲೆ ಬೋಗಿ ಕಟ್ಟಿ ಓಡಿಸಲು ಹೇಳಿ, ಕೈ ಹಾಕಲು ಬಿಡಬೇಡಿ. ಮ್ಯಾಗ್ನೆಟಿಗೆ ತುಂಡು ಇಡ್ತೀರಾ ಅಂತ ಕೇಳಿ. "ಅದೆಲ್ಲ ಬೇಡ" ಅಂದರೆ ಎಂಜಿನ್ ಎತ್ತಿಕೊಂಡು ಬನ್ನಿ.

ಕರಾವಳಿಯಲ್ಲಿ ಮ್ಯಾಗ್ನೆಟಿಗೆ ಮತ್ತೆ ಶಕ್ತಿ ತುಂಬಿಸಿಕೊಡುವವರು ಯಾರಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಹಣ ಈ ಸಲ ಕೆಲಸ ನೋಡಿದ ಮೇಲೆಯೇ.