ಏಳು ತಿಂಗಳು ಬಳಸಿದ ಮನೆಯ ಕಾರ್ ಚಾರ್ಜರ್: 32 ಆಂಪ್ ಬೇಡ, 16 ಸಾಕು

ನಮ್ಮ ಮನೆಯ ಗೋಡೆಗೆ 7.4 ಕಿಲೋವ್ಯಾಟಿನ ಎಲೆಕ್ಟ್ರಿಕ್ ಕಾರ್ ಚಾರ್ಜರ್ ಹಾಕಿಸಿ ಏಳು ತಿಂಗಳಾಯಿತು. ನಾನು ಬಹಳ ವರ್ಷ ಸಬ್‌ಸ್ಟೇಷನ್‌ನಲ್ಲಿ ಶಿಫ್ಟ್ ಡ್ಯೂಟಿ ಮಾಡಿದವನು. ಹಾಗಾಗಿ ಕಾರು ತಗೊಂಡ ದಿನದಿಂದ ಪರಿಚಯದವರೆಲ್ಲ ನನ್ನನ್ನು ಕೇಳುವುದು ಒಂದೇ ಮಾತು: "ಎಲ್ಲರೂ ಇಂಥ ಕಾರು ತಗೊಂಡರೆ ಅಷ್ಟು ಕರೆಂಟ್ ಎಲ್ಲಿಂದ ಬರುತ್ತೆ?" ಈ ಚಾರ್ಜರನ್ನು ನಾನು ಪರೀಕ್ಷಿಸಿದ್ದೂ ಅದೇ ಪ್ರಶ್ನೆ ಇಟ್ಟುಕೊಂಡು. ಕಾರಿಗೆ ಎಷ್ಟು ಬೇಗ ತುಂಬಿಸುತ್ತದೆ ಅನ್ನುವುದಕ್ಕಿಂತ, ಬೀದಿಯ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್ ಮೇಲೆ ಎಷ್ಟು ಭಾರ ಹಾಕುತ್ತದೆ ಅನ್ನುವುದು ನನಗೆ ಮುಖ್ಯ.

ಕೆಲಸದಲ್ಲಿ ತಕರಾರಿಲ್ಲ. 230 ವೋಲ್ಟ್ ಇದ್ದಾಗ 32 ಆಂಪ್ ಅಂದರೆ 7.36 ಕಿಲೋವ್ಯಾಟ್, ಅಷ್ಟನ್ನೂ ಕೊಡುತ್ತದೆ. ಎರಡು ಗಂಟೆ ಪೂರ್ತಿ ಲೋಡಿನಲ್ಲಿ ಓಡಿಸಿ ಕಾರಿಗೆ ಸಿಕ್ಕಿಸುವ ಗನ್ ಮುಟ್ಟಿ ನೋಡಿದೆ, ಬೆಚ್ಚಗಿತ್ತು ಅಷ್ಟೇ. ಒಳಗಿನ ಟರ್ಮಿನಲ್ ಗಟ್ಟಿಯಾಗಿದೆ, ಸ್ಕ್ರೂ ಸಡಿಲವಾಗಿಲ್ಲ. ಕೇಬಲ್ ಮಾತ್ರ 5 ಮೀಟರ್. ಕಾರನ್ನು ಹಿಮ್ಮುಖವಾಗಿ ನಿಲ್ಲಿಸಿದರೆ ಎಟುಕುವುದಿಲ್ಲ.

ಮೊದಲ ವಾರವೇ ಒಂದು ಎಡವಟ್ಟಾಯಿತು. ಸಂಜೆ ಏಳೂವರೆಗೆ ಗೀಸರ್, ಇಂಡಕ್ಷನ್ ಒಲೆ, ನೀರಿನ ಪಂಪ್ ಮೂರೂ ನಡೆಯುತ್ತಿದ್ದವು. ಕಾರನ್ನೂ ಸಿಕ್ಕಿಸಿದೆ. ಮೇನ್ ಎಂಸಿಬಿ (ಲೋಡ್ ಜಾಸ್ತಿಯಾದರೆ ತಾನೇ ಆಫ್ ಆಗುವ ಸ್ವಿಚ್) ಬಿತ್ತು. ಹೀಗಾಗಬಾರದು ಅಂತಲೇ ಈ ಚಾರ್ಜರ್ ಜೊತೆ ಒಂದು ಸಿಟಿ ಕ್ಲಾಂಪ್ ಬರುತ್ತದೆ. ಅದನ್ನು ಮೀಟರಿನಿಂದ ಬರುವ ತಂತಿಗೆ ಹಾಕಿದರೆ, ಮನೆ ಎಳೆಯುವ ಕರೆಂಟನ್ನು ಅಳೆದು, ಉಳಿದದ್ದನ್ನಷ್ಟೇ ಕಾರಿಗೆ ಕೊಡುತ್ತದೆ. ಮುಚ್ಚಳ ತೆಗೆದು ನೋಡಿದರೆ ಕರೆಂಟ್ ಹರಿಯುವ ದಿಕ್ಕು ತೋರಿಸುವ ಕ್ಲಾಂಪಿನ ಬಾಣ ಉಲ್ಟಾ ಇತ್ತು! ಹಾಕಿದವರು ಟೆಸ್ಟ್ ಮಾಡದೆ ಹೋಗಿದ್ದರು. ನಾನೇ ತಿರುಗಿಸಿ ಹಾಕಿದೆ. ನೀವು ಹಾಕಿಸಿದರೆ, ಅವರು ಹೊರಡುವ ಮುಂಚೆಯೇ ಗೀಸರ್ ಹಾಕಿ ಚಾರ್ಜಿಂಗ್ ಇಳಿಯುತ್ತದಾ ಅಂತ ನೋಡಿ.

ಈಗ ಗೀಸರ್ ಹಾಕಿದ ಕೆಲವೇ ಸೆಕೆಂಡಿನಲ್ಲಿ 32 ಆಂಪ್ ಇದ್ದದ್ದು 20ರ ಆಸುಪಾಸಿಗೆ ಇಳಿಯುತ್ತದೆ. ಇದು ಹೇಗೆ ಅನ್ನುವುದು ನನಗೆ ತುಂಬಾ ಇಷ್ಟವಾದ ವಿಷಯ. ಕೇಬಲ್ಲಿನೊಳಗೆ ದಪ್ಪ ತಂತಿಗಳ ಪಕ್ಕ ಒಂದು ತೆಳು ತಂತಿ ಇದೆ. ಅದರಲ್ಲಿ ಸೆಕೆಂಡಿಗೆ 1000 ಸಲ ಒಂದು ಮಿಡಿತ ಹೋಗುತ್ತದೆ. ಆ ಮಿಡಿತದ ಅಗಲ ನೋಡಿ ಕಾರು ತನಗೆ ಎಷ್ಟು ಎಳೆಯಲು ಅಪ್ಪಣೆ ಇದೆ ಅಂತ ತಿಳಿದುಕೊಳ್ಳುತ್ತದೆ. ಅಗಲ ಒಂದು ಸುತ್ತಿನ ಶೇ. 10 ಇದ್ದರೆ 6 ಆಂಪ್, ಸುಮಾರು ಶೇ. 27 ಇದ್ದರೆ 16 ಆಂಪ್. ಅಂದರೆ ಕಾರು ಫ್ರಿಜ್ ಥರ ಹಟಮಾರಿ ಲೋಡ್ ಅಲ್ಲ. ಹೇಳಿದರೆ ಕೇಳುತ್ತದೆ, ಕಾಯುತ್ತದೆ. ನನ್ನ ಇಡೀ ಸರ್ವಿಸಿನಲ್ಲಿ ಇಷ್ಟು ದೊಡ್ಡದಾಗಿದ್ದೂ ಇಷ್ಟು ಮಾತು ಕೇಳುವ ಲೋಡನ್ನು ನಾನು ಮನೆಗಳಲ್ಲಿ ನೋಡಿರಲಿಲ್ಲ.

ಈಗ ಲೆಕ್ಕಕ್ಕೆ ಬರೋಣ. ನನ್ನ ಓಡಾಟ ದಿನಕ್ಕೆ 40 ಕಿಲೋಮೀಟರ್. ಚಾರ್ಜಿಂಗ್ ನಷ್ಟವೂ ಸೇರಿ ಸುಮಾರು 7 ಯುನಿಟ್ ಬೇಕು. 32 ಆಂಪಿನಲ್ಲಿ ಒಂದು ಗಂಟೆ, 16 ಆಂಪಿನಲ್ಲಿ ಎರಡು ಗಂಟೆ. ಕಾರು ರಾತ್ರಿ ಸುಮ್ನೆ ನಿಂತಿರುವುದು ಒಂಬತ್ತು ಗಂಟೆ.

ಒಂದು 100 ಕೆವಿಎ (ಹೆಚ್ಚೆಂದರೆ 100 ಕಿಲೋವ್ಯಾಟ್ ತಡೆಯುವ) ಟಿಸಿ ಕೆಳಗೆ ನನ್ನಂಥ 20 ಕಾರು ಇವೆ ಅಂದುಕೊಳ್ಳಿ. ಎಲ್ಲರೂ ಸಂಜೆ ಏಳಕ್ಕೆ ಬಂದು 32 ಆಂಪಿನಲ್ಲಿ ಸಿಕ್ಕಿಸಿದರೆ 148 ಕಿಲೋವ್ಯಾಟ್. ಮನೆಗಳ ದೀಪ, ಅಡುಗೆ, ಗೀಸರ್ ಬೇರೆ. ಟಿಸಿ ಸುಡುತ್ತದೆ, ಅನುಮಾನವೇ ಬೇಡ. ಅದೇ 20 ಕಾರು, ಅದೇ 140 ಯುನಿಟ್ಟನ್ನು ರಾತ್ರಿಯ ಎಂಟು ಗಂಟೆಗೆ ಹಂಚಿದರೆ? ಬರೀ 17.5 ಕಿಲೋವ್ಯಾಟ್. ಆ ಹೊತ್ತಿನಲ್ಲಿ ಬೀದಿ ಮಲಗಿರುತ್ತದೆ, ಟಿಸಿಯ ಎಣ್ಣೆ ತಣ್ಣಗಿರುತ್ತದೆ. ಜನ ನನ್ನನ್ನು ಕೇಳುವ ಪ್ರಶ್ನೆಗೆ ನಾನು ಕೊಡುವ ಉತ್ತರ ಇದೇ. ಯುನಿಟ್ ಎಷ್ಟು ಅನ್ನುವುದಕ್ಕಿಂತ ಯಾವ ಹೊತ್ತಿಗೆ, ಎಷ್ಟು ಜೋರಾಗಿ ಎಳೀತೀರಿ ಅನ್ನುವುದರಿಂದಲೇ ಟಿಸಿ ಉಳಿಯುತ್ತದೆ ಅಥವಾ ಹೋಗುತ್ತದೆ.

ಚಾರ್ಜರ್ ಮೇಲೆ ನನಗೆ ನಿಜವಾದ ಸಿಟ್ಟು ಇರುವುದೂ ಇಲ್ಲೇ. ಡಬ್ಬಿಯಿಂದ ತೆಗೆದಾಗ ಅದು "ಸಿಕ್ಕಿಸಿದ ಕೂಡಲೇ, 32 ಆಂಪ್" ಅಂತ ಸೆಟ್ ಆಗಿರುತ್ತದೆ. ರಾತ್ರಿ ಟೈಮರ್ ಇದೆ, ಆದರೆ ಆ್ಯಪ್‌ನಲ್ಲಿ ಮೂರು ಮೆನು ಒಳಗೆ ಹೋಗಬೇಕು. ಎಷ್ಟು ಜನ ಹೋಗುತ್ತಾರೆ ಹೇಳಿ? ಬ್ರಿಟನ್ನಿನಲ್ಲಿ 2022ರ ಜೂನ್ 30ರಿಂದ ಮಾರುವ ಮನೆಯ ಚಾರ್ಜರ್‌ಗಳಿಗೆ ಇದಕ್ಕೊಂದು ಕಾನೂನೇ ಇದೆ. ಜಾಸ್ತಿ ಲೋಡಿರುವ ಹೊತ್ತನ್ನು ಬಿಟ್ಟು ಚಾರ್ಜ್ ಮಾಡುವಂತೆ ಮೊದಲೇ ಸೆಟ್ ಆಗಿರಬೇಕು. ಬೇಡ ಅನ್ನುವವರು ಬದಲಿಸಿಕೊಳ್ಳಬಹುದು. ಜೊತೆಗೆ ಪ್ರತಿ ಚಾರ್ಜರೂ 10 ನಿಮಿಷದವರೆಗೆ ಮನಸ್ಸಿಗೆ ಬಂದಷ್ಟು ಹೊತ್ತು ತಡೆದು ಶುರು ಮಾಡಬೇಕು. ಇಲ್ಲದಿದ್ದರೆ ಎಲ್ಲರ ಟೈಮರೂ ಸರಿಯಾಗಿ ಹನ್ನೊಂದಕ್ಕೇ ಆನ್ ಆಗಿ, ಸಂಜೆ ಏಳರ ಗಲಾಟೆ ರಾತ್ರಿ ಹನ್ನೊಂದಕ್ಕೆ ಹೋಗುತ್ತದೆ ಅಷ್ಟೇ.

ನನ್ನ ಚಾರ್ಜರಿನಲ್ಲಿ ಈ ತಡೆ ಇಲ್ಲ. ಕರೆಂಟ್ ಹೋಗಿ ಬಂದಾಗ ಇದರ ಕಷ್ಟ ಇನ್ನೂ ಜಾಸ್ತಿ. ಶಿಫ್ಟಿನಲ್ಲಿದ್ದವರಿಗೆ ಗೊತ್ತು, ಫೀಡರ್ (ಸಬ್‌ಸ್ಟೇಷನ್‌ನಿಂದ ಬೀದಿಗಳಿಗೆ ಹೋಗುವ ಲೈನ್) ಮತ್ತೆ ಹಾಕಿದ ಮೊದಲ ನಿಮಿಷವೇ ಉಸಿರು ಬಿಗಿಹಿಡಿಯುವ ನಿಮಿಷ. ಎಲ್ಲ ಮನೆಯ ಮೋಟಾರು, ಫ್ರಿಜ್ಜು ಒಟ್ಟಿಗೆ ಎಳೆಯುತ್ತವೆ, ಫೀಡರ್ ಮತ್ತೆ ಬೀಳುತ್ತದೆ. ಅದರ ಮೇಲೆ ಕಾರುಗಳೂ ಅದೇ ಕ್ಷಣಕ್ಕೆ 32 ಆಂಪ್ ಎಳೆದರೆ? ಕಂಪನಿಗೆ ಎರಡು ಸಲ ಬರೆದೆ. ಗ್ರಾಹಕರಿಗೆ ವೇಗ ಬೇಕು ಅನ್ನುವ ಅರ್ಥದ ಉತ್ತರ ಬಂತು. ನಾನೂ ಗ್ರಾಹಕನೇ ಅಲ್ವಾ?

ಭಯಪಡುವವರಿಗೆ ನಾರ್ವೆ ತೋರಿಸುತ್ತೇನೆ. 2024ರಲ್ಲಿ ಅಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಸುಮಾರು ಶೇ. 89 ಪೂರ್ತಿ ಎಲೆಕ್ಟ್ರಿಕ್. ಗ್ರಿಡ್ ಕುಸಿಯಲಿಲ್ಲ. ಆದರೆ ಒಂದು ಮಾತು ಸೇರಿಸಲೇಬೇಕು. ಅಲ್ಲಿ ಮನೆ ಬಿಸಿ ಮಾಡುವುದೂ ಹೆಚ್ಚಾಗಿ ಕರೆಂಟಿನಿಂದಲೇ, ಹಾಗಾಗಿ ತಂತಿಗಳು ಮೊದಲೇ ದಪ್ಪ ಇದ್ದವು. ಸಣ್ಣ ಟಿಸಿ, ತೆಳು ತಂತಿ ಇರುವ ಕಡೆ ಬದಲಿಸುವ ಕೆಲಸ ಇದ್ದೇ ಇದೆ. ಹೆದ್ದಾರಿಯ 150 ಕಿಲೋವ್ಯಾಟ್ ಚಾರ್ಜರ್, ಬಸ್ ಡಿಪೋ ಇವುಗಳ ಕಥೆ ಬೇರೆ. ಅಲ್ಲಿ ವಾಹನ ರಾತ್ರಿಯಿಡೀ ಕಾಯಲಾರದು, ಹೊಸ ಟ್ರಾನ್ಸ್‌ಫಾರ್ಮರ್ ಹಾಕಲೇಬೇಕು.

ನಾನು ಈಗ 16 ಆಂಪಿಗೆ ಸೆಟ್ ಮಾಡಿ, ರಾತ್ರಿ 1 ಗಂಟೆ 20 ನಿಮಿಷಕ್ಕೆ ಶುರುವಾಗುವಂತೆ ಇಟ್ಟಿದ್ದೇನೆ. ದುಂಡು ಹೊತ್ತನ್ನು ಬೇಕಂತಲೇ ಬಿಟ್ಟೆ. ಏಳು ತಿಂಗಳಲ್ಲಿ ಒಂದು ಬೆಳಿಗ್ಗೆಯೂ ಕಾರು ಅರೆಬರೆ ಚಾರ್ಜಿನಲ್ಲಿ ನಿಂತಿಲ್ಲ. ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ. ಉಳಿದ ಒಂದೂವರೆಯಲ್ಲಿ ಕೇಬಲ್ಲಿಗೆ ಅರ್ಧ ಹೋಯಿತು, ಆ ಫ್ಯಾಕ್ಟರಿ ಸೆಟ್ಟಿಂಗಿಗೆ ಪೂರ್ತಿ ಒಂದು. ತಗೊಳ್ಳುವುದಾದರೆ 7 ಮೀಟರ್ ಕೇಬಲ್ ಇರುವುದನ್ನೇ ಕೇಳಿ, ಕ್ಲಾಂಪಿನ ಬಾಣ ಯಾವ ಕಡೆಗಿದೆ ನೋಡಿ.